ಭಾವಿ ಮಾವನ ಬಾತುಗಳು

ಮೂರನೆಯ ಹಿಂಡೂ ಕೈಕೊಟ್ಟಿತು. ಜೌಗಿನ ಮೇಲೆ ಎರಡು ಸುತ್ತು ಹಾಕಿ, ಇನ್ನೇನು ನೀರಿಗೆ ಇಳಿಯಬೇಕು, ಅಷ್ಟರಲ್ಲಿ ಏನನ್ನೋ ಕಂಡು ಬೆಚ್ಚಿದಂತೆ ಕಾಡುಬಾತುಗಳು ಸರ್ರನೆ ಮೇಲೆದ್ದು ಹೋದವು. ಜೊಂಡು ಹೊದಿಸಿದ ಮರೆಯೊಳಗೆ ಕೂತಿದ್ದ ಅಲ್ಸೀಡ್ ಗಿಡ್ರಿ ಕೋವಿ ಒರಗಿಸಿ, ಪಕ್ಕದಲ್ಲಿದ್ದ ಟೆವಿನ್ ಕಡೆ ತಿರುಗಿದ.

"ನೀನು ಮುಖ ಎತ್ತಿದೆ."

"ಇಲ್ಲ ಮಿಸ್ಟರ್ ಅಲ್ಸೀಡ್. ನನ್ನ ಬೂಟು ನೋಡ್ತಾ ಕೂತಿದ್ದೆ."

"ಹಂಗಾದ್ರೆ ಬೂಟೇ ಹೊಳೆದಿರ್ಬೇಕು."

ಮೊದಲ ಹಿಂಡು ಹೋಗಿದ್ದು ಟೆವಿನ್ ಜೋರಾಗಿ ಉಸಿರಾಡಿದ್ದಕ್ಕಂತೆ. ಎರಡನೆಯದು ಅವನು ಹಾಕಿಕೊಂಡ ಸೆಂಟಿಗಂತೆ. ಬಾತು ಸೆಂಟಿಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ ಅಂತ ಲೂಸಿಯಾನಾದ ಈ ಜೌಗಿನಲ್ಲಿ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಆದರೂ ಟೆವಿನ್ ಎರಡಕ್ಕೂ ಹೂಂ ಅಂದಿದ್ದ. ಅಲ್ಸೀಡನ ಮಗಳು ಎಮೆಲಿನ್‌ಳನ್ನು ಅವನು ಮದುವೆಯಾಗಬೇಕು. ಆಗಬೇಕೆಂದರೆ ಅವಳಪ್ಪನ ಮರೆಯಲ್ಲಿ ಒಂದು ಬೆಳಗ್ಗೆ ಕೂತು ಪಾಸಾಗಬೇಕು. ಹಿಂದೊಬ್ಬ ಹೀಗೇ ಬಂದು ಕೂತಾಗ ಅವನ ಫೋನು ಟ್ರಿಣ್ ಅಂದಿತ್ತಂತೆ. ಅವನಿಗೆ ಮಧ್ಯಾಹ್ನದ ಊಟಕ್ಕೂ ಯಾರೂ ಕರೆಯಲಿಲ್ಲ. "ಅಪ್ಪ ಏನಂದ್ರೂ ಹೂಂ ಅನ್ನು ಕಣೋ, ಎದುರು ಮಾತಾಡಿದ್ಯೋ ಕೆಟ್ಟೆ" ಅಂತ ಎಮೆಲಿನ್ ಕಾಲರ್ ಹಿಡಿದು ಹೇಳಿ ಕಳಿಸಿದ್ದಳು.

ಫಜೀತಿ ಏನೆಂದರೆ, ತಪ್ಪು ಎಲ್ಲಿದೆ ಅಂತ ಬೆಳಕು ಹರಿದಾಗಲೇ ಟೆವಿನ್‌ಗೆ ಕಂಡಿತ್ತು. ನಿಜವಾದ ಬಾತು ಗಾಳಿ ಬರುವ ಕಡೆಗೇ ಕೊಕ್ಕು ಮಾಡಿ ಕೂರುತ್ತದೆ. ಹಿಂಡನ್ನು ಸೆಳೆಯಲೆಂದು ಮರೆಯ ಮುಂದೆ ತೇಲಿಬಿಟ್ಟಿದ್ದ ಪ್ಲಾಸ್ಟಿಕ್ ಬಾತುಗಳು ಅಷ್ಟೂ ಗಾಳಿಗೆ ಅಂಡು ತೋರಿಸಿಕೊಂಡು ಕೂತಿದ್ದವು. ಅಲ್ಸೀಡ್ ನಿನ್ನೆ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಾ, ರೆಫರಿಗೆ ಬಾಯಿತುಂಬಾ ಬೈಯುತ್ತಾ, ಬಾತು ತೇಲಿಹೋಗದಂತೆ ತಡೆಯುವ ತೂಕದ ದಾರವನ್ನು ಎದೆಯ ತೂತಿಗೆ ಕಟ್ಟುವ ಬದಲು ಬಾಲದ ತೂತಿಗೆ ಕಟ್ಟಿಬಿಟ್ಟಿದ್ದ.

ನಾಲ್ಕನೆಯ ಹಿಂಡು ಬಂತು. ಅಲ್ಸೀಡ್ ಪೀಪಿ ಊದಿ ಹೆಣ್ಣುಬಾತಿನ ದನಿಯಲ್ಲಿ ಕರೆದ, ಮುದ್ದುಗರೆದ, ಕೊನೆಗೆ ಗೋಗರೆದ. ಹಿಂಡು ಕೆಳಗೆ ಇಣುಕಿ ನೋಡಿ ಬೇರೆ ಊರಿಗೆ ಹೊರಟಿತು.

"ಈಗೇನು ಮಾಡಿದ್ಯೋ?"

"ಮಿಸ್ಟರ್ ಅಲ್ಸೀಡ್..." ಎಮೆಲಿನ್ ಮುಖ ಕಣ್ಮುಂದೆ ಬಂತು. ಆದರೂ ಬಾಯಿ ಜಾರಿತು. "ನೀವು ದಾರ ಬಾಲಕ್ಕೆ ಕಟ್ಟಿದೀರಿ."

ಅಲ್ಸೀಡ್ ಜೊಂಡು ಸರಿಸಿ ನೋಡಿದ. ಟೋಪಿ ಮೇಲೇರಿಸಿ ಮತ್ತೆ ನೋಡಿದ. ಕಿವಿ ಎರಡೂ ಕೆಂಪಾದವು.

"ನೀನು ಹುಟ್ಟೋಕ್ ಮುಂಚಿಂದ ಬಾತು ಕಟ್ತಾ ಇದೀನಿ ನಾನು."

"ಹೌದು ಸಾರ್."

"ಇಳಿ ನೀರಿಗೆ."

ಮುಗೀತು ಕಥೆ ಅಂದುಕೊಂಡು ಟೆವಿನ್ ಇಳಿದ. ಹಿಂದೆಯೇ ದುಡುಂ ಅಂತ ಇನ್ನೊಂದು ಸದ್ದು. ಅಲ್ಸೀಡನೂ ಇಳಿದಿದ್ದ. ಕೋವಿಗಳನ್ನು ಮರೆಯಲ್ಲೇ ಬಿಟ್ಟು ಇಬ್ಬರೂ ಸೊಂಟಮಟ್ಟ ನೀರಿನಲ್ಲಿ, ಮರಗಟ್ಟಿದ ಬೆರಳುಗಳಲ್ಲಿ, ಒಂದೊಂದೇ ದಾರ ಬಿಚ್ಚಿ ಕಟ್ಟತೊಡಗಿದರು. ಒಂದೊಂದೇ ಬಾತು ಗಿರಕಿ ಹೊಡೆದು ಗಾಳಿಗೆ ಮುಖ ಕೊಟ್ಟಿತು. ಇನ್ನೇನು ಕೊನೆಯದೊಂದು ಉಳಿದಿತ್ತು, ತಲೆಯ ಮೇಲೆ ರೆಕ್ಕೆಗಳ ಸುಯ್ ಸುಯ್.

"ಅಲ್ಲಾಡ್ಬೇಡ!"

ಇಬ್ಬರೂ ಎದೆಮಟ್ಟ ಕುಸಿದು ಕಲ್ಲಾದರು. ಕಾಲು ಮುಂದೆ ಚಾಚಿ, ಎಳ್ಳಷ್ಟೂ ಅನುಮಾನವಿಲ್ಲದೆ, ಇಡೀ ಹಿಂಡು ಅವರ ಸುತ್ತಲೇ ಚಳ್ ಚಳ್ ಅಂತ ಇಳಿಯಿತು. ಕೋವಿಗಳು ಅಲ್ಲಿ, ಇವರು ಇಲ್ಲಿ. ಹಸಿರು ತಲೆಯ ಗಂಡುಬಾತೊಂದು ತೇಲುತ್ತಾ ಅಲ್ಸೀಡನ ಮೊಣಕೈ ಹತ್ತಿರವೇ ಬಂತು.

ಅಲ್ಸೀಡ್ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ಇದು ನನ್ನ ಹೆಂಡ್ತಿ ಕಿವಿಗೆ ಬಿತ್ತೋ, ಮದುವೆ ಇಲ್ಲ."

ಟೆವಿನ್‌ನ ಹಲ್ಲು ಚಳಿಗೆ ಕಟಕಟ ಅನ್ನುತ್ತಿದ್ದವು.

"ಅಂದ್ರೆ... ಬೀಳದಿದ್ರೆ ಇದೆಯಾ ಸಾರ್?"

ಅಲ್ಸೀಡ್ ಏನೋ ಹೇಳಲು ಬಾಯಿ ತೆರೆದ. ಗಂಡುಬಾತು ಅವನನ್ನು ಓರೆಗಣ್ಣಲ್ಲಿ ಒಮ್ಮೆ ನೋಡಿ, ಇನ್ನಷ್ಟು ಹತ್ತಿರ ಸರಿದು, ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ನಿದ್ದೆ ಹೋಯಿತು. ಅದು ಏಳುವವರೆಗೆ ಮಾವ ಬಾಯಿ ಮುಚ್ಚಿಕೊಂಡೇ ನಿಂತಿರಬೇಕಾಯಿತು.