ಇನ್ನೊಂದು ಅಚ್ಚು

ಆಸ್ತಿ ಪಾಲಾದಾಗ ಅಣ್ಣತಮ್ಮಂದಿರಿಗೆ ಒಂದೊಂದು ಕೋವಿ ಸಿಕ್ಕಿತು. ಸೀಸ ಕರಗಿಸಿ ಗುಂಡು ಎರೆಯುವ ಅಚ್ಚು ಮಾತ್ರ ಒಂದೇ ಇದ್ದದ್ದರಿಂದ ಅಣ್ಣನಲ್ಲೇ ಉಳಿಯಿತು. ಆಮೇಲೆ ಮಾತುಕತೆ ನಿಂತರೂ, ತೆಂಗಿನಕಾಯಿಗೆ ಗುರಿಯಿಡುವ ಕೈಲ್ ಮುಹೂರ್ತದ ಹಬ್ಬ ಬಂತೆಂದರೆ ತಮ್ಮ ಬಿದ್ದಪ್ಪ ಅಣ್ಣನ ಮನೆಗೆ ಹೋಗಿ ಅಚ್ಚು ಕೇಳಿ ತರುತ್ತಿದ್ದ.

ಈ ವರ್ಷ ಕೋವಿ ರಿಪೇರಿಯವನು ಅಂಥದೇ ಇನ್ನೊಂದು ಅಚ್ಚನ್ನು ಅವನ ಮುಂದಿಟ್ಟ. "ತಗೊಳ್ಳಿ. ಎಷ್ಟು ವರ್ಷ ಅಂತ ಅವರ ಬಾಗಿಲಿಗೆ ಹೋಗ್ತೀರಿ?"

ಬಿದ್ದಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಕೊನೆಗೆ ಹಿಂದಕ್ಕೆ ಸರಿಸಿದ. "ಬೇಡ ಮಾರಾಯ. ಇದು ಮನೆಗೆ ಬಂದ್ರೆ ಅಣ್ಣನ ಮುಖ ನೋಡೋಕೆ ನೆಪವೇ ಇರಲ್ಲ."

ರಿಪೇರಿಯವನು ತಲೆ ತಗ್ಗಿಸಿದ. "ಇದನ್ನ ಮಾಡಿಸಿದ್ದೇ ನಿಮ್ಮಣ್ಣ. 'ಹೇಗಾದ್ರೂ ಮಾಡಿ ಅವನಿಗೆ ಕೊಟ್ಟುಬಿಡು, ಇನ್ನು ನಮ್ಮನೆ ಕಡೆ ಬರೋದು ತಪ್ಪಲಿ' ಅಂದ್ರು."