ಬಿಸಿಯಾಗದ ಹಿಡಿ

ಹನ್ನೊಂದು ವರ್ಷ ಅವಳು ಲ್ಯಾಬಿನಲ್ಲಿ ಒಂದೇ ಪ್ಲಾಸ್ಟಿಕ್ಕಿನ ಹಿಂದೆ ಬಿದ್ದಿದ್ದಳು. ಒಮ್ಮೆ ಗಟ್ಟಿಯಾದ ಮೇಲೆ ಅದು ಎಂಥ ಕಾವಿಗೂ ಬಿಸಿಯಾಗಬಾರದು, ಕರಗಬಾರದು, ಬಿದ್ದರೆ ಒಡೆಯಬಾರದು, ಮೈ ಮಾತ್ರ ಬೇಕೆಂದಾಗ ನುಣುಪು, ಬೇಕೆಂದಾಗ ತರಿತರಿ. ಜೊತೆಯವರು ವಿಮಾನಕ್ಕೆ ಬಳಸೋಣ ಎಂದರೆ ಅವಳು ದೋಸೆ ಕಾವಲಿಯ ಹಿಡಿಗೆ ಎನ್ನುತ್ತಿದ್ದಳು.

ಅವಳು ಚಿಕ್ಕವಳಿದ್ದಾಗ ಅಮ್ಮನ ಕೈ ಸುಟ್ಟಿತ್ತು. ಹಿಡಿ ಕಾದು ಮೆತ್ತಗಾಗಿ, ಒದ್ದೆ ಕೈ ಜಾರಿತು ಎಂದು ಅಮ್ಮ ಹೇಳಿದ್ದಳು. ಮಾರನೇ ದಿನ ಅಪ್ಪ ತಾನೇ ಪೇಟೆಗೆ ಹೋಗಿ ಹೊಸ ಕಾವಲಿ ತಂದಿದ್ದ. ತೀರಿಕೊಂಡ ಅಪ್ಪನನ್ನು ಅವಳು ಈಗಲೂ ಆ ಕಾವಲಿಯಿಂದಲೇ ನೆನೆಯುತ್ತಿದ್ದಳು.

ಮೊದಲ ಹಿಡಿ ತಯಾರಾದ ದಿನ ಅದನ್ನು ಕಾವಲಿಗೆ ಕೂರಿಸಿಕೊಂಡು ಅಮ್ಮನ ಮನೆಗೆ ಓಡಿದಳು. ಅರ್ಧ ಗಂಟೆ ದೊಡ್ಡ ಉರಿಯಲ್ಲಿ ಕಾಯಿಸಿದಳು.

"ಈಗ ಒದ್ದೆ ಕೈಲೇ ಹಿಡ್ಕೋಮ್ಮ. ಜಾರಲ್ಲ, ಸುಡಲ್ಲ."

ಅಮ್ಮ ಹಿಡಿದಳು.

"ಹೇಗಿದೆ?"

"ತಣ್ಣಗಿದೆ ಕಣೇ."

ಅವಳು ಖುಷಿಯಿಂದ ಬಾಗಿ ನೋಡಿದಳು. ಹಿಡಿಯನ್ನು ಸುತ್ತಿದ ಕೈಯ ಹಿಂಬದಿಯಲ್ಲಿ, ಬೆರಳ ಗೆಣ್ಣುಗಳಿಂದ ಮಣಿಕಟ್ಟಿನವರೆಗೆ, ಆ ಹಳೆಯ ಸುಟ್ಟ ಕಲೆ ಬಿಗಿದುಕೊಂಡಿತ್ತು. ಚಿಕ್ಕಂದಿನಿಂದ ಕಂಡ ಕಲೆಯೇ. ಅದು ಎಲ್ಲಿದೆ ಎಂದು ಮಾತ್ರ ಇವತ್ತೇ ನೋಡಿದಂತಾಯಿತು.

"ಅಮ್ಮಾ, ಹಿಡಿ ಹಿಡ್ಕೊಂಡೋರಿಗೆ ಅಂಗೈ ಅಲ್ವಾ ಸುಡೋದು?"

ಅಮ್ಮ ಒಲೆ ಆರಿಸಿದಳು.

"ಅವತ್ತು ಹಿಡಿ ಇದ್ದಿದ್ದು ನಿಮ್ಮಪ್ಪನ ಕೈಲಿ."