ಚಕ್ರದ ಕಡೆ

ಮಂಜು ಮುಸುಕಿದ ಇಳಿಜಾರಿನಲ್ಲಿ ದಾರಿ ಎರಡಾಗಿ ಒಡೆದಿತ್ತು. ಬೆಳಿಗ್ಗೆ ಬೆಟ್ಟ ಹತ್ತುವಾಗ ಈ ಕವಲು ಗಂಡ ಹೆಂಡತಿ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ದಾರಿ ಕಾರು ನಿಲ್ಲಿಸಿದ ಜಾಗಕ್ಕೆ, ಇನ್ನೊಂದು ಪಾಳುಬಿದ್ದ ಕಲ್ಲು ಕ್ವಾರಿಯ ಅಂಚಿಗೆ. ಕ್ವಾರಿ ಇದೆ, ಎಚ್ಚರ ಎಂದು ಬೆಟ್ಟದ ಬುಡದಲ್ಲಿದ್ದ ಬೋರ್ಡು ಹೇಳಿತ್ತೇ ಹೊರತು ಯಾವ ದಾರಿಯಲ್ಲಿ ಎಂದು ಹೇಳಿರಲಿಲ್ಲ.

"ಕೊಡು ಇಲ್ಲಿ" ಎಂದು ಡ್ರೈವಿಂಗ್ ಮೇಷ್ಟ್ರು ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡರು. ನೀಲಿ ಚುಕ್ಕಿ ಕವಲಿನಲ್ಲೇ ಕೂತಿತ್ತು. ಕಾರಿನ ಕಡೆ ಹೋಗುವ ಕೆಂಪು ಗೆರೆ ಅಲ್ಲಿಂದ ಪರದೆಯ ಎಡಕ್ಕೆ ಬಾಗಿತ್ತು. "ಎಡಕ್ಕೆ. ಕಣ್ಣಿಗೆ ರಾಚೋ ಹಾಗೆ ಬರೆದಿದೆ. ನಡಿ."

"ಅಲ್ಲ ರೀ. ಚಕ್ರದ ಕಡೆ ಹೋಗಬೇಕು."

ಅವಳು ಬಟ್ಟೆ ಹೊಲಿಯುವವಳು. ಎಡ, ಬಲ ಎನ್ನುವ ಪದಗಳು ಚಿಕ್ಕಂದಿನಿಂದಲೂ ಅವಳಿಗೆ ಕೈಕೊಡುತ್ತಲೇ ಬಂದಿದ್ದವು. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಕೈಚಕ್ರ ಇರುವುದು ಬಲಕ್ಕೆ, ಸೂಜಿ ಎಡಕ್ಕೆ. ಹಾಗಾಗಿ ಅವಳ ಲೆಕ್ಕದಲ್ಲಿ ಬಲ ಅಂದರೆ ಚಕ್ರದ ಕಡೆ, ಎಡ ಅಂದರೆ ಸೂಜಿ ಕಡೆ. ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರಿಗೆ ಕಲಿಸಲಾಗದೆ ಉಳಿದವಳು ಅವಳೊಬ್ಬಳೇ. "ಬಲಕ್ಕೆ ಅಂದ್ರೆ ಎಡಕ್ಕೆ ತಿರುಗಿಸಿ ಹಾಲಿನವನ ಸೈಕಲ್ಲನ್ನ ಚರಂಡಿಗೆ ಇಳಿಸಿದ್ಳು" ಎಂಬ ಕಥೆಯನ್ನು ಅವರು ನೆಂಟರಿಷ್ಟರು ಸೇರಿದಾಗಲೆಲ್ಲ ಹೇಳುತ್ತಿದ್ದರು. ಎಲ್ಲರ ಜೊತೆ ಅವಳೂ ನಗುತ್ತಿದ್ದಳು. ನಕ್ಕು ನಕ್ಕು ಅವಳಿಗೆ ಸಾಕಾಗಿತ್ತು.

ಈ ಬೆಟ್ಟವನ್ನು ಆರಿಸಿದ್ದೇ ಅವಳು. ಮೇಲೆ ಸಿಗ್ನಲ್ ಸಿಗುವುದಿಲ್ಲವೆಂದು ಮನೆಯಲ್ಲೇ ನಕ್ಷೆ ಇಳಿಸಿಕೊಂಡಿದ್ದಳು. ಚಾರ್ಜು ಉಳಿಯಲಿ ಎಂದು ಏರೋಪ್ಲೇನ್ ಮೋಡ್‌ಗೆ ಹಾಕಿ, ಚಳಿಗೆ ಬ್ಯಾಟರಿ ಸೊರಗದಿರಲಿ ಎಂದು ಸ್ವೆಟರಿನ ಒಳಗೆ ಫೋನಿಗೆಂದೇ ಒಂದು ಜೇಬು ಹೊಲಿದುಕೊಂಡಿದ್ದಳು. ಒಂದು ದಿನವಾದರೂ ತಾನು ದಾರಿ ತೋರಿಸಬೇಕು, ಹಿಂದೆ ಬರುವವರು ಅವರಾಗಬೇಕು ಎಂಬ ಹಟ ಅವಳದು.

"ಎಡ ಬಲದ ವಿಷಯದಲ್ಲಿ ನೀನು ನನಗೆ ಪಾಠ ಹೇಳ್ತೀಯಾ?" ಎಂದರು ಮೇಷ್ಟ್ರು.

ಅವಳು ಫೋನ್ ವಾಪಸ್ ತೆಗೆದುಕೊಂಡು ತಲೆಕೆಳಗಾಗಿ ಹಿಡಿದಳು. "ಈ ನಕ್ಷೇಲಿ ಉತ್ತರ ಯಾವಾಗ್ಲೂ ಮೇಲಿರುತ್ತೆ. ನಾವು ಇಳೀತಿರೋದು ದಕ್ಷಿಣಕ್ಕೆ. ಅಳತೆ ಕೊಡೋಕೆ ಎದುರಿಗೆ ನಿಂತೋರ ಸೂಜಿ ಕಡೆ ತೋಳು ನಮಗೆ ಚಕ್ರದ ಕಡೆ ಬರುತ್ತಲ್ಲ, ಹಾಗೇ ಇದು. ಈ ನಕ್ಷೆ ಇಷ್ಟು ಹೊತ್ತೂ ನಮ್ಮ ಎದುರಿಗೆ ನಿಂತಿತ್ತು. ಈಗ ನಮ್ಮ ಜೊತೆ ನಡೆಯೋ ಹಾಗೆ ತಿರುಗಿಸಿದ್ದೀನಿ. ಗೆರೆ ಎಲ್ಲಿಗೆ ಬಂತು ನೋಡಿ."

ಗೆರೆ ಬಲಕ್ಕೆ ಬಂದಿತ್ತು. ಮೇಷ್ಟ್ರು ಕತ್ತು ಓರೆ ಮಾಡಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಒಪ್ಪಲು ಮನಸ್ಸು ಬರಲಿಲ್ಲ.

"ಸ್ವಲ್ಪ ದೂರ ಹೋಗಿ ನೋಡೋಣ" ಎಂದಳು ಹೆಂಡತಿ. "ಚುಕ್ಕಿ ಗೆರೆ ಬಿಟ್ಟು ಆಚೆ ಹೋದ್ರೆ ವಾಪಸ್ ಬಂದು ನಿಮ್ಮ ದಾರೀಲೇ ಹೋಗೋಣ. ಸೈಕಲ್ ಕಥೆ ಜೊತೆ ಇದನ್ನೂ ಸೇರಿಸ್ಕೊಳ್ಳಿ."

"ಹೋಗದಿದ್ರೆ?"

"ಆ ಕಥೆ ಇನ್ಮೇಲೆ ಹೇಳಕೂಡದು."

ಮೇಷ್ಟ್ರು ಯೋಚನೆಗೆ ಬಿದ್ದರು. ಅಷ್ಟು ಒಳ್ಳೆಯ ಕಥೆ ಅವರ ಹತ್ತಿರ ಇನ್ನೊಂದಿರಲಿಲ್ಲ. "ಆಯ್ತು, ನಡಿ" ಎಂದರು ಕೊನೆಗೆ.

ಅವಳು ಮುಂದೆ, ಅವರು ಹಿಂದೆ. ಚುಕ್ಕಿ ಮೊದಮೊದಲು ಅಲ್ಲಾಡಲೇ ಇಲ್ಲ. ಅವಳ ಕಣ್ಣು ಪರದೆಯಲ್ಲೇ ನೆಟ್ಟಿತ್ತು. ಕಾಲು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಚುಕ್ಕಿ ಒಮ್ಮೆಲೇ ಮುಂದಕ್ಕೆ ನೆಗೆಯಿತು, ಗೆರೆಯ ಮೇಲೇ ಕೂತಿತು. ತಿರುವಿನಲ್ಲೂ ಗೆರೆ ಬಿಡಲಿಲ್ಲ. ಮಂಜು ತೆಳುವಾದಾಗ ಕೆಳಗೆ ಅವರ ಕಾರು ಕಾಣಿಸಿತು, ನೆತ್ತಿಯ ಮೇಲೆ ಕೆಂಪು 'ಎಲ್' ಬೋರ್ಡಿನ ಸಮೇತ. ಆಚೆ, ಸೂಜಿ ಕಡೆ, ಕ್ವಾರಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದನ್ನು ನೋಡಿ ಮೇಷ್ಟ್ರು ದಾರಿಯ ಒಳಬದಿಗೆ ಸರಿದರು. ಅವಳು ತಿರುಗಿಯೂ ನೋಡಲಿಲ್ಲ. ಫೋನನ್ನು ಸ್ವೆಟರಿನ ಜೇಬಿಗೆ ಇಳಿಸಿ, ತಲೆಯೆತ್ತಿ, ಬೆಟ್ಟವನ್ನೇ ತಾನು ಹೊಲಿದವಳ ಹಾಗೆ ಇಳಿದಳು. ಅವಳಿಗೆ ಅಂಥ ಹೆಮ್ಮೆಯಾಗಿತ್ತು. ಕಾರಿನವರೆಗೂ ಮೇಷ್ಟ್ರು ಅವಳನ್ನು ದಾಟಿ ಮುಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಕಾರಿನಲ್ಲಿ, ಹೊಸದಾಗಿ ಸೇರಿದ ಹಲ್ಲಿನ ಡಾಕ್ಟರಮ್ಮ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದರು. ಕ್ರಾಸ್ ಹತ್ತಿರ ಬಂತು.

"ಗಾಬರಿ ಬೇಡ, ನಿಧಾನಕ್ಕೆ ಚಕ್ರದ ಕಡೆ ತಿರುಗಿಸಿ" ಎಂದರು ಮೇಷ್ಟ್ರು.

ಡಾಕ್ಟರಮ್ಮ ಬ್ರೇಕ್ ಒತ್ತಿ ಕಾರು ನಿಲ್ಲಿಸಿಯೇಬಿಟ್ಟರು. "ಯಾವ ಚಕ್ರ ಸಾರ್? ನಾಲ್ಕಿವೆಯಲ್ಲ?"

ಮೇಷ್ಟ್ರು ಸೀಟಿನಲ್ಲಿ ನೆಟ್ಟಗೆ ಕೂತರು.

"ನಮ್ಮ ಮನೆಯವಳ ಹೊಲಿಗೆ ಮೆಷಿನ್ದು."